ಬೇಲಿಯ ಈಚೆಗೆ ಇಟ್ಟ ಉಪ್ಪು

ಎರಡು ದೇಶಗಳ ಗಡಿಯಲ್ಲಿ ಒಂದು ಆಶ್ರಮ. ಕಾಡು ಈಚೆ, ಹೊಳೆ ಆಚೆ. ಗುರುಗಳು ನಿರ್ವಾಣಯ್ಯ, ಇದ್ದೊಬ್ಬ ಶಿಷ್ಯ ಗುರುಪಾದ.

ಅಂಗಳದ ಬಂಡೆಯ ಮೇಲೆ ಜಿಂಕೆಗಳಿಗೆ ಉಪ್ಪು ಇಡುವುದು ಆಶ್ರಮದ ಹಳೇ ಪದ್ಧತಿ. ಆ ಕೆಲಸ ಗುರುಪಾದನದು. ಅವಕ್ಕೆ ಅವನು ತೋರುವ ಅಕ್ಕರೆ ಎಂಥದ್ದು ಅಂತೀರಿ! ಹೊಳೆಗೆ ಹೋದ ಒಂದು ಜಿಂಕೆಯನ್ನು ಆಚೆಯವರು ಹೊಡೆದು ತಿಂದರೆಂದು ಮೂರು ದಿನ ಅನ್ನ ಬಿಟ್ಟಿದ್ದ ಪುಣ್ಯಾತ್ಮ.

ಗುರುಗಳು ಯಾತ್ರೆಗೆ ಹೋಗಿದ್ದಾಗ ಅವನು ಸರ್ಕಾರಕ್ಕೆ ಅರ್ಜಿ ಬರೆದ. ಗಡಿಗೆ ಬೇಲಿ ಹಾಕಿ, ನಮ್ಮ ಜಿಂಕೆ ಉಳಿಸಿ ಅಂತ. ಸರ್ಕಾರಕ್ಕೂ ಅದೇ ಬೇಕಿತ್ತು. ನೋಡನೋಡುತ್ತಲೇ ಆಳೆತ್ತರದ ಮುಳ್ಳುತಂತಿ ಎದ್ದುಬಿಟ್ಟಿತು.

ಗುರುಗಳು ಮರಳಿದಾಗ ಕಡುಬೇಸಿಗೆ. ಆಶ್ರಮದ ಬಾವಿಯಲ್ಲೇ ಬಿಂದಿಗೆ ಮುಳುಗುತ್ತಿರಲಿಲ್ಲ.

"ಗುರುಗಳೇ, ಇನ್ನು ನಮ್ಮ ಜಿಂಕೆಗಳ ಕೂದಲೂ ಕೊಂಕೋದಿಲ್ಲ! ಬನ್ನಿ, ಬೇಲಿ ತೋರಿಸ್ತೀನಿ."

"ಜಿಂಕೆಗಳು ಎಲ್ಲಿ?"

"ನಾಲ್ಕು ದಿನದಿಂದ ಬಂದಿಲ್ಲ. ಬಿಸಿಲಲ್ವೇ, ಎಲ್ಲೋ ನೆರಳಲ್ಲಿ ಮಲಗಿರಬೇಕು."

ಇಬ್ಬರೂ ಗಡಿಯ ಕಡೆ ನಡೆದರು. ಕಾಡು ಮುಗಿದಲ್ಲಿ ಗುರುಪಾದ ಗಕ್ಕನೆ ನಿಂತ.

ತಂತಿಗೆ ಒಂದು ಜಿಂಕೆ ನೇತಾಡುತ್ತಿತ್ತು. ಹೊಟ್ಟೆ ಸೀಳಿತ್ತು. ಬುಡದಲ್ಲಿ ಉದ್ದಕ್ಕೂ ಇನ್ನಷ್ಟು ಹೆಣ, ನಾಲಗೆ ಹೊರಚಾಚಿಕೊಂಡು. ಉಳಿದ ಹಿಂಡು ಕಾಲು ನಡುಗಿಸುತ್ತ ಬೇಲಿಗೆ ಒತ್ತಿ ನಿಂತಿತ್ತು. ಬೇಲಿಯಾಚೆ ಕೂಗಳತೆಯಲ್ಲೇ ಹೊಳೆ ಹರಿಯುತ್ತಿತ್ತು.

"ಅಯ್ಯೋ ದೇವರೇ! ಯಾವ ಪಾಪಿ ಕೊಂದ ಇವನ್ನ?"

"ಉಪ್ಪು ಇಡ್ತಿದ್ದೆಯಾ?" ಎಂದರು ಗುರುಗಳು.

"ದಿನಾ ಇಟ್ಟೆ. ಈಚೆಗೇ ಇರಲಿ ಅಂತ ಎರಡರಷ್ಟು ಇಟ್ಟೆ."

"ನೀರು?"

ಗುರುಪಾದ ಹೊಳೆಯತ್ತ ತಿರುಗಿದ. ಆಮೇಲೆ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು ಅತ್ತ.

ಗುರುಗಳು ಮೇಲಿನ ಶಾಲನ್ನು ಕೈಗೆ ಸುತ್ತಿಕೊಂಡು ತಂತಿ ಹಿಡಿದು ಜಗ್ಗತೊಡಗಿದರು. ಶಾಲು ಕೆಂಪಾಯಿತು.

ಶಿಷ್ಯ ದಡಬಡಿಸಿ ಎದ್ದು ಬಂದು ಅವರ ತೋಳು ಹಿಡಿದ.

"ಬೇಡಿ ಗುರುಗಳೇ, ಕೈಮುಗೀತೀನಿ! ಬೇಲಿ ಮುಟ್ಟಿದರೆ ಕಾವಲಿನವರು ಗುಂಡು ಹಾರಿಸ್ತಾರೆ. ತೆಗೆಸಿ ಅಂತ ಇವತ್ತೇ ಇನ್ನೊಂದು ಅರ್ಜಿ ಬರೀತೀನಿ. ತಿಂಗಳೊಳಗೆ ಉತ್ತರ ಬಂದೇ ಬರುತ್ತೆ."

ಗುರುಗಳು ತಂತಿ ಬಿಡಲಿಲ್ಲ.

"ಬರಿಯಪ್ಪ. ಅಲ್ಲಿಯವರೆಗೆ ಬಾಯಾರಬೇಡಿ ಅಂತ ಇವಕ್ಕೆ ನೀನೇ ಹೇಳು."