ಕಿವಿಯೊಳಗಿನ ಮರ್ಯಾದಸ್ಥ

ಮೇಯುತ್ತಿದ್ದ ಎಮ್ಮೆಯ ಕಾಲನ್ನು ನಾಯಿಯೊಂದು ಕಚ್ಚಿತು. ರಕ್ತ ಕಂಡದ್ದೇ ತಡ, ಹಿಂಡೆಲ್ಲ ಸೇರಿ ನಾಯಿಯನ್ನು ಊರಾಚೆಗೆ ಓಡಿಸಿತು. ಅದೇ ಎಮ್ಮೆಯ ಕಿವಿಯೊಳಗೆ ಉಣ್ಣೆಯೊಂದು ತಿಂಗಳುಗಟ್ಟಲೆ ರಕ್ತ ಹೀರುತ್ತ ಕೂತಿತ್ತು. ಎಮ್ಮೆ ಬಡಕಲಾಯಿತು, ಕರುವಿಗೆ ಹಾಲು ಸಾಲದಾಯಿತು.

“ಕಿವಿಯೊಳಗಿನ ಕಳ್ಳನನ್ನು ಹಿಡಿಯಲೇ?” ಎಂದು ಬೆಳ್ಳಕ್ಕಿ ಕೇಳಿತು.

“ಅವನು ಮರ್ಯಾದಸ್ಥ. ಒಂದು ದಿನವೂ ನೋಯಿಸಿದವನಲ್ಲ,” ಎಂದಿತು ಎಮ್ಮೆ.

“ನೋಯಿಸಿದ್ದರೆ ಮೊದಲ ದಿನವೇ ನೀನು ಓಡಿಸುತ್ತಿದ್ದೆ. ನಿನ್ನ ಕರುವಿನ ಹಾಲು ಸೇರಿರುವುದು ಅವನ ಹೊಟ್ಟೆಗೇ.”

ಎಮ್ಮೆ ಕರುವಿನ ಪಕ್ಕೆಲುಬುಗಳನ್ನು ನೋಡಿತು. ಬೆಳ್ಳಕ್ಕಿಯತ್ತ ಕಿವಿ ಬಾಗಿಸಿತು.

“ಅಮ್ಮಾ, ನಾನೇನು ಆ ನಾಯಿಯಂಥ ಪುಂಡನೇ?” ಎಂದು ಉಣ್ಣೆ ಅಂಗಲಾಚಿತು.

“ಅಲ್ಲ. ಅವನು ಕಚ್ಚಿದ್ದು ಒಂದೇ ಸಲ,” ಎಂದಿತು ಎಮ್ಮೆ.

ಬೆಳ್ಳಕ್ಕಿ ಉಣ್ಣೆಯನ್ನು ನುಂಗಿತು. ಕೆಲವೇ ದಿನಗಳಲ್ಲಿ ಕರು ಹೊಟ್ಟೆತುಂಬ ಹಾಲು ಕುಡಿದು, ಕೆಚ್ಚಲ ಪಕ್ಕದಲ್ಲೇ ನಿದ್ದೆಹೋಯಿತು.