ಹೇಳಲಾಯಿತು

"ಅಯ್ಯನವರೇ, ಬರುವ ಭಾನುವಾರ ನನ್ನ ಸಭೆಯಲ್ಲಿ ಒಬ್ಬನ ಹೆಸರು ಓದಬೇಕಾಗಿದೆ. ಅವನನ್ನು ಕರ್ತನ ಭೋಜನದಿಂದ ದೂರ ಇಡಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ಓದಲೋ, ಬೇಡವೋ?" ಎಂದು ಹೊಸದಾಗಿ ಚರ್ಚೊಂದರ ಸಭೆ ವಹಿಸಿಕೊಂಡ ಶಿಷ್ಯನೊಬ್ಬ ತನ್ನ ವೃದ್ಧ ಗುರುವನ್ನು ಕೇಳಿದ.

"ಅವನಿಗೆ ಮೊದಲು ಬುದ್ಧಿ ಹೇಳಿದ್ದಾರೋ?"

"ಹೇಳಲಾಗಿದೆ, ಅಯ್ಯನವರೇ."

ಗುರುಗಳು ಅವನನ್ನು ಎದುರು ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಸಭೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರದಾದರೂ ತಪ್ಪನ್ನು ಸಭೆಯ ಮುಂದೆ ತರುವವನು ಮೊದಲು ಅವನ ಮನೆಗೆ ಒಬ್ಬನೇ ಹೋಗಬೇಕು, ಎದುರು ಕೂತು ಬುದ್ಧಿ ಹೇಳಬೇಕು. ತಪ್ಪಿದವನ ಮನಸ್ಸು ತಿರುಗಿದ ದಿನ, ಹಾಗೆ ಬುದ್ಧಿ ಹೇಳಿದವನೇ ಕೈಹಿಡಿದು ಅವನನ್ನು ರೊಟ್ಟಿ ಮುರಿದು ಕೊಡುವ ಭೋಜನದ ಮೇಜಿಗೆ ಕರೆತರಬೇಕು. ಕಟ್ಟಳೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಎಲ್ಲರೂ ಅದನ್ನು ಮುರಿದರು.

ಆ ಸಭೆಯ ನಡಾವಳಿ ಬರೆಯುತ್ತಿದ್ದವರು ಎಲೀಷ ಮಾಸ್ಟ್ರು, ಶಾಲೆಯ ಹೆಡ್‌ಮಾಸ್ಟರು. ಹಿರಿಯರಲ್ಲಿ ಅವರೂ ಒಬ್ಬರು. ಅವರ ಬರಹದಲ್ಲಿ ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ, ದಿನಚರಿಯಲ್ಲಿ ಒಂದು ಗಂಟೆ ತಪ್ಪುತ್ತಿರಲಿಲ್ಲ. ಪ್ರಾರ್ಥನೆಗೆ ನಿಂತರೆ "ನಾವು ಪಾಪಿಗಳು, ನಾವು ಧೂಳು" ಎಂದು ತಡೆಯಿಲ್ಲದೆ ಹೇಳುತ್ತಿದ್ದರು. ಅವರು "ನಾನು" ಎಂದು ಪ್ರಾರ್ಥಿಸಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದೇ ಸಭೆಯಲ್ಲಿ ಅಂದ್ರೆಯ ಎಂಬವನೊಬ್ಬ ಇದ್ದ. ಹಂಚಿನ ಕಾರ್ಖಾನೆಯಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸ. ಕುಡಿಯುತ್ತಿದ್ದ. ಒಂದು ಸುಗ್ಗಿ ಹಬ್ಬದ ಆರಾಧನೆಗೆ ಕುಡಿದೇ ಬಂದ. ದೇವರ ವಾಕ್ಯದ ಪ್ರಸಂಗದ ನಡುವೆ ಎದ್ದು ನಿಂತು ರಾಗ ತಪ್ಪಿ ಹಾಡತೊಡಗಿದ. ಮಕ್ಕಳು ನಕ್ಕವು. ಅವನ ಹೆಂಡತಿ ಲೇಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹಿರಿಯರು ಕೂಡಿದರು.

"ಮೊದಲು ಯಾರಾದರೂ ಅವನ ಮನೆಗೆ ಹೋಗಬೇಕಲ್ಲ? ನೀವೇ ಹೋಗಿ, ನಿಮ್ಮ ನೆರೆಯವನು."

"ನೆರೆಯವನಾದ್ದರಿಂದಲೇ ನನಗೆ ಬೇಡ ಮಾರಾಯರೇ. ನಾಳೆ ಬಾವಿಕಟ್ಟೆಯಲ್ಲಿ ಮುಖ ನೋಡಬೇಕು."

"ಊರಿಗೆ ಊರೇ ಅವನಿಗೆ ಉಗಿದಿದೆ. ಇನ್ನು ಬುದ್ಧಿ ಬೇರೆ ಹೇಳಬೇಕೇ?"

ಎಲ್ಲರೂ ನಕ್ಕರು. ಮಾಸ್ಟ್ರು ನಗಲಿಲ್ಲ. ಅವರಿಗೆ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟು ಅಭ್ಯಾಸವಿರಲಿಲ್ಲ. "ಏಕಾಂತದಲ್ಲಿ ಬುದ್ಧಿ ಹೇಳಲಾಯಿತು. ಕೇಳಲಿಲ್ಲ" ಎಂದು ಬರೆದರು. ವಾಕ್ಯದಲ್ಲಿ ದೋಷವಿರಲಿಲ್ಲ. ಅದರೊಳಗೆ ಮನುಷ್ಯನೂ ಇರಲಿಲ್ಲ. ಸಭೆಯ ಅಯ್ಯನವರು ಅದನ್ನು ಓದಿ, ಹೇಳಿದವರು ಯಾರೆಂದು ಕೇಳದೆ, ರುಜು ಹಾಕಿದರು.

ಭಾನುವಾರ ಅಂದ್ರೆಯನ ಹೆಸರು ಓದಿದರು. ಅಂದಿನಿಂದ ಅವನ ಜಾಗ ಬಾಗಿಲ ಬಳಿಯ ಬೆಂಚು. ಶಿಸ್ತಿಗೆ ಒಳಗಾದವರು ಕೂರುವ ಬೆಂಚು ಅದು. ಮಿಕ್ಕವರು ಸಾಲಾಗಿ ಎದ್ದು ಮೇಜಿನ ಬಳಿಗೆ ಹೋಗುವಾಗ ಅವನು ಕೂತೇ ಇರಬೇಕು. ಅವನು ಕೂತ. ಮೂರು ವರ್ಷ ಒಂದು ಭಾನುವಾರವೂ ತಪ್ಪಿಸದೆ ಬಂದು ಕೂತ. ಮೊದಲ ವರ್ಷ ಮುಗಿಯುವುದರೊಳಗೆ ಕುಡಿತ ಬಿಟ್ಟಿದ್ದ. ಯಾರೂ ಕೇಳಲಿಲ್ಲ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ.

ನಾಲ್ಕನೆಯ ವರ್ಷ ಬೆಂಚು ಖಾಲಿಯಾಯಿತು. ಲೇಯಮ್ಮ ಶಾಲೆಗೆ ಬಂದು ಮಾಸ್ಟ್ರ ಮುಂದೆ ನಿಂತಳು.

"ಅವರಿಗೆ ಎದೆ ಕೆಟ್ಟಿದೆ ಮಾಸ್ಟ್ರೇ. ಇನ್ನು ಏಳುವವರಲ್ಲ. ಕುಡಿಯದೆ ಎರಡು ವರ್ಷ ದಾಟಿತು. ಒಂದು ಚೂರು ರೊಟ್ಟಿ ಕೊಡಿಸಿ, ಅಷ್ಟೇ ಕೇಳುತ್ತಿದ್ದಾರೆ."

"ಬುದ್ಧಿ ಹೇಳಿದವರು ಬಂದು ಕೈ ಹಿಡಿಯಬೇಕಮ್ಮ. ಕಟ್ಟಳೆ ಹಾಗಿದೆ."

"ಯಾರು ಹೇಳಿದ್ದು?"

ಮಾಸ್ಟ್ರು ಪುಸ್ತಕ ತೆಗೆದರು. ತಮ್ಮದೇ ವಾಕ್ಯವನ್ನು ಮೂರು ಸಲ ಓದಿದರು. ಅದು ಅವರಿಗೆ ಉತ್ತರ ಕೊಡಲಿಲ್ಲ.

ಹಿರಿಯರು ಮತ್ತೆ ಕೂಡಿದರು. ನೀವು ಹೋಗಿದ್ದಿರಿ ಎಂದುಕೊಂಡಿದ್ದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಅವನು ಮತ್ತೊಬ್ಬನ ಮುಖ ನೋಡಿದ.

"ಯಾರೂ ಹೋಗಿರಲಿಲ್ಲ ಎಂದರೆ ಮೂರು ವರ್ಷದ ಶಿಕ್ಷೆಯೇ ಸುಳ್ಳಾಗುತ್ತದೆ. ಸಭೆಯ ಮರ್ಯಾದೆ ಏನಾಗಬೇಕು? ಮಾಸ್ಟ್ರೇ, ನೀವೇ ಹೇಳಿದ್ದು ಅಂತ ಸೇರಿಸಿಬಿಡಿ. ಅವನ ಬಾಯಿಂದಲೂ ಒಂದು ಹೂಂ ಅನ್ನಿಸಿಕೊಂಡು ಬನ್ನಿ. ಅವನಿಗೆ ರೊಟ್ಟಿ ಸಿಗುತ್ತದೆ, ನಮಗೆ ನೆಮ್ಮದಿ."

ಮಾಸ್ಟ್ರು ಮಧ್ಯಾಹ್ನ ಅಂದ್ರೆಯನ ಮನೆಗೆ ಹೋದರು. ಆ ಹೊಸ್ತಿಲನ್ನು ಅವರು ದಾಟಿದ್ದು ಅದೇ ಮೊದಲು. ಅಂದ್ರೆಯ ಗೋಡೆ ಹಿಡಿದು ಎದ್ದು ಕೂತ.

"ಕುರ್ಚಿ ಇಲ್ಲ ಮಾಸ್ಟ್ರೇ. ಒಂದಿತ್ತು, ಅದನ್ನೂ ಕುಡಿದೆ" ಎಂದು ನಕ್ಕ. ನಗೆ ಕೆಮ್ಮಾಯಿತು.

ಮಾಸ್ಟ್ರು ಚಾಪೆಯ ಮೇಲೆ ಕೂತರು. "ಅಂದ್ರೆಯ, ಹಿಂದೆ ನಾನು ಬಂದು ನಿನಗೆ ಬುದ್ಧಿ ಹೇಳಿದ್ದೆ ಎಂದು ಒಪ್ಪಿಕೋ. ಬೇರೇನೂ ಬೇಡ. ನಾಳೆಯೇ ಅಯ್ಯನವರು ರೊಟ್ಟಿ ತರುತ್ತಾರೆ."

"ನೀವು ಬರಲಿಲ್ಲವಲ್ಲ, ಮಾಸ್ಟ್ರೇ. ಹೆಸರು ಓದುವ ಮೊದಲು ಒಂದು ವಾರ ಜಗಲಿಯಲ್ಲಿ ಕಾದಿದ್ದೆ. ಬಂದಿದ್ದರೆ ಬೈದು ಅಟ್ಟುತ್ತಿದ್ದೆನೋ ಏನೋ, ಅದು ಬೇರೆ ಮಾತು. ಆದರೆ ಯಾರೂ ಬರಲಿಲ್ಲ."

"ಈಗ ಬಂದಿದ್ದೇನಲ್ಲ?"

"ಹೂಂ ಅನ್ನಿಸಿಕೊಳ್ಳಲು ಬಂದಿದ್ದೀರಿ. ಕುಡಿದದ್ದು ನಾನು, ಅದನ್ನು ದೇವರ ಮುಂದೆ ದಿನಾ ಹೇಳುತ್ತೇನೆ. ಅವನ ರೊಟ್ಟಿಗೆ ಬಾಯಿ ತೆರೆಯುವ ಮೊದಲು ಈ ಸುಳ್ಳಿಗೆ ಬಾಯಿ ತೆರೆಯಲಾರೆ."

ಲೇಯಮ್ಮ ಬಾಗಿಲಲ್ಲಿ ನಿಂತು "ಒಂದು ಮಾತಲ್ಲವೇ, ಅಂದುಬಿಡಿ" ಎಂದು ಅತ್ತಳು. ಅಂದ್ರೆಯ ತಲೆಯಾಡಿಸಿ ಗೋಡೆಯ ಕಡೆ ಹೊರಳಿ ಮಲಗಿದ.

ಅಲ್ಲಿಯೇ ಮಾಸ್ಟ್ರು ಅವನ ಕೈ ಹಿಡಿಯಬಹುದಾಗಿತ್ತು. ನಾನು ಬರಲಿಲ್ಲ ಎಂದು ಆ ಚಾಪೆಯ ಮೇಲೆ ಕೂತೇ ಹೇಳಬಹುದಾಗಿತ್ತು. ಎದ್ದು ಬಂದರು. ಮೂರನೆಯ ದಿನ ಅಂದ್ರೆಯ ತೀರಿಕೊಂಡ.

ಮಣ್ಣು ಮಾಡಿದ ಮೇಲೆ ಹಿರಿಯರು ಪುಸ್ತಕ ಮುಂದಿಟ್ಟರು. "ಮನಸ್ಸು ತಿರುಗದೆ ತೀರಿಕೊಂಡ ಎಂದು ಬರೆದು ಮುಗಿಸಿ, ಮಾಸ್ಟ್ರೇ. ಹೋಗಿ ಕರೆದರೂ ಒಪ್ಪಲಿಲ್ಲ ತಾನೇ?"

"ಬರೆಯುವುದಿಲ್ಲ" ಎಂದರು ಮಾಸ್ಟ್ರು.

ಹಳೆಯ ವಾಕ್ಯದ ಮೇಲೆ ಒಂದು ಗೆರೆ ಎಳೆದರು. ಅದರ ಕೆಳಗೆ, "ಅಂದ್ರೆಯನಿಗೆ ಬುದ್ಧಿ ಹೇಳಲು ನಾನು ಹೋಗಲಿಲ್ಲ. ಹೋದ ದಿನವೂ ಅವನಿಗಾಗಿ ಹೋಗಲಿಲ್ಲ" ಎಂದು ಬರೆದು ಹೆಸರು ಹಾಕಿದರು. ಅವರ ಅಕ್ಷರ ಅಂಕುಡೊಂಕಾದದ್ದು ಅದೊಂದೇ ಪುಟದಲ್ಲಿ. ಹಿರಿಯರು "ಮಾಸ್ಟ್ರಿಗೆ ವಯಸ್ಸಾಯಿತು" ಎಂದರು. ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟರು.

ಮುಂದಿನ ಭೋಜನದ ಭಾನುವಾರ ಬಂತು. ಅಯ್ಯನವರು ರೊಟ್ಟಿ ಮುರಿದು ಕರೆದರು. ಸಾಲುಗಳು ಎದ್ದು ಮೇಜಿನ ಬಳಿಗೆ ಹೋದವು. ಎಲೀಷ ಮಾಸ್ಟ್ರು ಬಾಗಿಲ ಬಳಿಯ ಬೆಂಚಿನಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಅಯ್ಯನವರು ಮೇಜಿನ ಹಿಂದಿನಿಂದಲೇ "ಬನ್ನಿ ಮಾಸ್ಟ್ರೇ" ಎಂದರು. ಮಾಸ್ಟ್ರು ತಲೆ ಎತ್ತಲಿಲ್ಲ, ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆಮೇಲೆ ಅವರನ್ನು ಯಾರು ಕರೆತಂದರು, ಅಯ್ಯನವರೇ?" ಎಂದ.

"ಹನ್ನೊಂದು ವರ್ಷವಾಯಿತು, ಆ ಬೆಂಚಿನವರೆಗೆ ನಡೆದು ಹೋದವರು ಯಾರೂ ಇಲ್ಲ, ಆ ಪುಸ್ತಕಕ್ಕೆ ರುಜು ಹಾಕಿದ ನಾನೂ ಹೋಗಲಿಲ್ಲ."