ಉಪ್ಪುನೀರಿಗೆ ಬಿದ್ದ ಈರುಳ್ಳಿಯ ಪೊರೆ

"ಬುದ್ಧೀ, ಅಳುವ ಮಗುವನ್ನು ಸಮಾಧಾನ ಮಾಡಬಹುದು. ಒಳಗೊಳಗೇ ಮುದುಡಿಕೊಂಡ ಮಗುವನ್ನು ಏನು ಮಾಡಲಿ?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಅವನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಉಳಿದವರು ಅವನು ಮತ್ತು ಹತ್ತು ವರ್ಷದ ಮಗಳು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂಟಿ. ಅವನು ಹೊಸ ಲಂಗ ತಂದ, ಮಿಠಾಯಿ ತಂದ, ಬೆಳಗಿನಿಂದ ಸಂಜೆಯವರೆಗೆ ನಗೆಮಾತು ಆಡಿದ. ಅವನು ನಕ್ಕಷ್ಟೂ ಅವಳು ಮೂಲೆ ಸೇರಿದಳು. ಮೊದಲು ಮಾತು ಬಿಟ್ಟಳು, ಈಗ ಊಟವನ್ನೂ ಬಿಡತೊಡಗಿದ್ದಳು. ಇವಳೂ ಕೈತಪ್ಪಿ ಹೋದರೆ ಎಂಬ ಭಯಕ್ಕೆ ಅವನು ಮಠದ ಮೆಟ್ಟಿಲು ಹತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮೇಷ್ಟರಿದ್ದರು. ಹಿಂದಿಲ್ಲ, ಮುಂದಿಲ್ಲ. ಶಾಲೆಯ ಸೂಕ್ಷ್ಮದರ್ಶಕವೇ ಅವರ ಸಂಗಾತಿ. ಒಂದು ದಿನ ಕೆಂಪು ಈರುಳ್ಳಿಯ ತೆಳುಪೊರೆ ಸುಲಿದು, ಗಾಜಿನ ಮೇಲಿಟ್ಟು ಮಕ್ಕಳಿಗೆ ತೋರಿಸಿದರು. ಇಟ್ಟಿಗೆ ಜೋಡಿಸಿದಂತೆ ಸಾಲುಸಾಲು ಜೀವಕೋಶಗಳು. ಪ್ರತಿಯೊಂದಕ್ಕೂ ಸುತ್ತ ಗಟ್ಟಿ ಗೋಡೆ. ಒಳಗೆ ಜೀವರಸ, ನಡುವೆ ಕೆನ್ನೀಲಿ ನೀರು ತುಂಬಿದ ಚೀಲ. ಆ ಚೀಲ ತುಂಬಿ ಗೋಡೆಯನ್ನು ಒತ್ತಿ ಹಿಡಿಯುವುದರಿಂದಲೇ ಎಲುಬಿಲ್ಲದ ಎಲೆ ನೆಟ್ಟಗೆ ನಿಲ್ಲುತ್ತದೆ. ಶಿವನು ಕೋಶಕ್ಕೆ ಗೋಡೆ ಕಟ್ಟಿದ, ಆದರೆ ಒಂಟಿಯಾಗಿ ಬಿಡಲಿಲ್ಲ. ಆ ಗೋಡೆಯಲ್ಲಿ ಕಣ್ಣಿಗೆ ಕಾಣದ ಕಂಡಿಗಳನ್ನಿಟ್ಟು, ನೆರೆಯ ಕೋಶಕ್ಕೆ ಜೀವದ ಎಳೆ ಹಾಯಿಸಿದ.

ಮೇಷ್ಟರು ಅದರ ಮೇಲೆ ಉಪ್ಪುನೀರು ಬಿಟ್ಟರು. ಒಳಗಿನ ನೀರೆಲ್ಲ ಹೊರಗೆ ಸೆಳೆದುಹೋಯಿತು. ಗೋಡೆ ನಿಂತ ಹಾಗೇ ನಿಂತಿತ್ತು. ಅದರೊಳಗಿನ ಜೀವ ಗೋಡೆ ಬಿಟ್ಟು ಸರಿದು, ನಡುವೆ ಮುದ್ದೆಯಾಗಿ ಕುಳಿತಿತು.

"ಅಯ್ಯೋ, ಮೇಷ್ಟ್ರು ಸಾಯಿಸಿಬಿಟ್ರು!" ಎಂದಳು ಒಬ್ಬ ಹುಡುಗಿ.

"ಸತ್ತಿಲ್ಲ ಕಣೇ, ಈಗ ಎಬ್ಬಿಸ್ತೀನಿ ನೋಡು" ಎಂದು ಮೇಷ್ಟರು ಒಳ್ಳೆಯ ಸಿಹಿನೀರನ್ನು ಧಾರಾಳವಾಗಿ ಸುರಿದರು. ಮುದುಡಿದ ಜೀವ ಒಮ್ಮೆಗೇ ಉಬ್ಬಿತು, ಹಿಗ್ಗುವುದಕ್ಕೆ ಹೊತ್ತು ಸಾಲದೆ ಒಡೆಯಿತು. ಬಣ್ಣವೆಲ್ಲ ಸೋರಿಹೋಗಿ ಖಾಲಿ ಗೋಡೆಗಳು ಉಳಿದವು. ಮಕ್ಕಳು ಮನೆಗೆ ಹೋದರು. ಕೊಟ್ಟ ಮಾತು ತಪ್ಪಿತಲ್ಲ ಎಂದು ಮೇಷ್ಟರು ಬರಿಯ ಬೆಂಚುಗಳ ನಡುವೆ ಕೂತುಬಿಟ್ಟರು.

ಕಸ ಗುಡಿಸಲು ಬಂದ ಮುದುಕಿ ನಡೆದದ್ದನ್ನೆಲ್ಲ ಮೇಷ್ಟರ ಬಾಯಿಂದ ಕೇಳಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಓದಿದೀರಿ. ಒಂಬತ್ತು ದಿನ ಉಪವಾಸ ಇದ್ದೋರಿಗೆ ಎದ್ದ ಕೂಡಲೇ ಹೋಳಿಗೆ ಬಡಿಸ್ತಾರಾ? ಮೊದಲು ತಿಳಿಗಂಜಿ. ಆಮೇಲೆ ಮೆತ್ತಗಿನ ಅನ್ನ. ಹೋಳಿಗೆ ಎಲ್ಲಿ ಓಡಿಹೋಗ್ತದೆ?"

ಮೇಷ್ಟರು ಇನ್ನೊಂದು ಪೊರೆ ಸುಲಿದು ಉಪ್ಪುನೀರಿಗೆ ಹಾಕಿದರು. ಈ ಸಲ ಕಣ್ಣಿಟ್ಟು ನೋಡಿದರು. ನಡುವೆ ಮುದುಡಿದ್ದರೂ ಜೀವ ಪೂರ್ತಿ ಕೈಬಿಟ್ಟಿರಲಿಲ್ಲ. ಜೇಡದ ಬಲೆಗಿಂತ ಸಣ್ಣ ಎಳೆಗಳಿಂದ ಗೋಡೆಯನ್ನು ಹಿಡಿದುಕೊಂಡೇ ಇತ್ತು. ಅವರ ಕಣ್ಣು ಮಂಜಾಯಿತು. ಆಮೇಲೆ ಹನಿಹನಿಯಾಗಿ ನೀರು ಬಿಟ್ಟರು. ಮೊದಲು ಬಿಟ್ಟದ್ದು ಸಿಹಿನೀರಲ್ಲ, ಅದೂ ಉಪ್ಪುನೀರೇ, ಉಪ್ಪು ಒಂದು ಚಿಟಿಕೆ ಕಡಿಮೆ ಅಷ್ಟೇ. ಅದಾದ ಮೇಲೆ ಇನ್ನೊಂದು ಚಿಟಿಕೆ ಕಡಿಮೆ. ಬಹಳ ಹೊತ್ತಿಗೆ, ಒಡೆಯದೆ, ಜೀವವು ಮೆಲ್ಲಗೆ ಹರಡಿ ತನ್ನ ಗೋಡೆಯನ್ನು ಮುಟ್ಟಿತು.

ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗ ಯೋಚಿಸಿ, "ತಿಳೀತು ಬುದ್ಧೀ. ಮಿಠಾಯಿ ತರೋದು ಸ್ವಲ್ಪ ಕಡಿಮೆ ಮಾಡ್ತೀನಿ" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಮೇಷ್ಟರು ಮೊದಲು ಬಿಟ್ಟದ್ದೂ ಉಪ್ಪುನೀರೇ. ಮಗಳ ಎದುರಿಗೆ ನೀನು ಒಮ್ಮೆಯಾದರೂ ಅತ್ತಿದ್ದೀಯಾ?"

ಸೋಮಲಿಂಗ ಮಠದ ಮೆಟ್ಟಿಲಿಳಿದು, ಮಿಠಾಯಿ ಅಂಗಡಿಯ ಕಡೆ ತಿರುಗದೆ, ನೇರ ಮಗಳಿದ್ದ ಮನೆಗೆ ನಡೆದ.